ಹಾಡಿಗೆ ಮುಂಚಿನ ಮಾತು

ಸಂಗೀತ ಗ್ರಂಥಪಾಲಕರ ರಾಷ್ಟ್ರೀಯ ಸಂಘದ ಸಮ್ಮೇಳನ 2004ರಲ್ಲಿ ಮೈಸೂರಿಗೆ ಬಂತು. ಬಂದಿದ್ದೇ ತಡ, ಮೃತ್ಯುಂಜಯನವರ ಹೊಟ್ಟೆಗೆ ಬೆಂಕಿ ಬಿತ್ತು.

ಯಾಕೆ ಬೀಳಬಾರದು ಹೇಳಿ? ಅವರು ಕೆಲಸ ಮಾಡುತ್ತಿದ್ದ ಸಂಗೀತ ಭಂಡಾರದ ಸ್ಪೂಲ್ ಟೇಪುಗಳೆಲ್ಲ ಅವರ ಕೈಯಲ್ಲೇ ಧ್ವನಿಮುದ್ರಣವಾದವು. ಹರೆಯದಲ್ಲಿ ಮಣಭಾರದ ರೆಕಾರ್ಡರು ಹೊತ್ತು ಹಳೆಯ ವಿದ್ವಾಂಸರ ಮನೆಮನೆ ತಿರುಗಿದವರು ಅವರು. ಬೂಷ್ಟು ಹಿಡಿಯದಂತೆ ಆ ಟೇಪುಗಳನ್ನು ಕಾಪಾಡಿದವರೂ ಅವರೇ. ಈಗ ವೇದಿಕೆಯ ಮೇಲೆ ಮಾತ್ರ ಸುಚಿತ್ರಾ! ಮೊನ್ನೆ ಮೊನ್ನೆ ಅವರ ಕೈಕೆಳಗೆ ಸೇರಿದ ಹುಡುಗಿ. ಟೇಪನ್ನು ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾಡಿದಳಂತೆ, ಅದಕ್ಕೆ ಸಂಘದ ಪ್ರಶಸ್ತಿಯಂತೆ. ಇನ್ನೇನು ನಿವೃತ್ತರಾಗಲಿದ್ದ ಮೃತ್ಯುಂಜಯನವರಿಗೆ ಇದ್ದದ್ದು ಒಂದೇ ಆಸೆ. ದೇಶದ ನಾನಾ ಕಡೆಯಿಂದ ಬಂದ ತಮ್ಮ ಕಸುಬಿನವರ ಎದುರು ಒಂದು ಸಲ ತಮ್ಮ ಹೆಸರು ಕೇಳಿಬರಬೇಕು.

"ಗುಂಡಿ ಒತ್ತಿದ್ದಕ್ಕೆ ಪ್ರಶಸ್ತಿ ಕಣೇ!" ಎಂದು ಸರಸ್ವತಿಪುರಂನ ಮನೆಯಲ್ಲಿ ಹೆಂಡತಿಯ ಮುಂದೆ ಹಲ್ಲು ಕಡಿದರು.

"ನಿಮ್ಮನ್ನ ಕಂಡ್ರೆ ಆ ಹುಡುಗಿಗೆ ಪ್ರಾಣ ಕಣ್ರೀ. ಸುಮ್ನಿದ್ಬುಡಿ," ಎಂದರು ಮಂಜುಳಮ್ಮ.

ಸುಮ್ಮನಿರಲು ಆಗಬೇಕಲ್ಲ!

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಾಡುವವರು ಯಾರು, ಊರು ಯಾವುದು, ಮುದ್ರಿಸುತ್ತಿರುವವರು ಯಾರು ಎಂದು ಮುದ್ರಿಸುವವರು ಹಾಡಿಗೆ ಮುಂಚೆ ತಮ್ಮ ದನಿಯಲ್ಲೇ ಹೇಳಬೇಕು. ಡಬ್ಬಿಯ ಚೀಟಿ ಕಿತ್ತುಹೋದರೂ ಟೇಪು ತನ್ನ ಗುರುತು ತಾನೇ ಹೇಳಿಕೊಳ್ಳುತ್ತದೆ. ಸುಚಿತ್ರಾಗೆ ಇದನ್ನು ಕಲಿಸಿದ್ದೂ ಮೃತ್ಯುಂಜಯನವರೇ. ಸಮ್ಮೇಳನದ ಹಿಂದಿನ ದಿನ ಅವಳು ಮೈಕಿನ ಮುಂದೆ ಕೂತು ಏನನ್ನೋ ಹೇಳಿ ಮುದ್ರಿಸುವುದನ್ನು ಅವರು ಗಾಜಿನ ಬಾಗಿಲಾಚೆಯಿಂದ ಕಂಡರು. ಓಹೋ, ನನ್ನ ದನಿ ಅಳಿಸಿ ತನ್ನ ಹೆಸರು ಅಂಟಿಸಿಕೊಂಡಳು! ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಹೊಟ್ಟೆ ಇರುತ್ತದೆಯೇ ಹೊರತು ಬಾಯಿ ಎಲ್ಲಿರುತ್ತದೆ?

ಮರುದಿನ ಸಭಾಂಗಣದಲ್ಲಿ ಆ ಸಿ.ಡಿ.ಯನ್ನು ಎಲ್ಲರಿಗೂ ಕೇಳಿಸುವುದಿತ್ತು. ಮೈಕ್‌ಸೆಟ್ ನೋಡಿಕೊಳ್ಳುತ್ತಿದ್ದ ಹರೀಶನ ಬಳಿ ಹೋಗಿ, "ಸಿ.ಡಿ. ಶುರುನಲ್ಲಿ ಬರೀ ಮಾತು ಕಣಪ್ಪ, ಅದು ಬ್ಯಾಡ. ಹಾಡಿಂದ್ಲೇ ಹಾಕ್ಬುಡು," ಎಂದರು. ಹಿರಿಯರು ಹೇಳಿದ ಮೇಲೆ ಅವನು ಹಾಗೇ ಮಾಡಿದ.

ಎಂದೋ ತೀರಿಕೊಂಡಿದ್ದ ವಿದುಷಿ ದೇವಿರಮ್ಮನವರ ದನಿ ಸಭಾಂಗಣ ತುಂಬಿತು. ಹಾಡು ಮುಗಿದಾಗ ಜೋರು ಚಪ್ಪಾಳೆ. ಸುಚಿತ್ರಾ ಮಾತ್ರ ಕಕ್ಕಾಬಿಕ್ಕಿಯಾಗಿ ಹರೀಶನ ಬಳಿ ಓಡಿದಳು, ಅಲ್ಲಿಂದ ನೇರ ಮೃತ್ಯುಂಜಯನವರ ಕುರ್ಚಿಯ ಹತ್ತಿರ ಬಂದಳು.

"ಸಾರ್, ಹಾಡಿಗೆ ಮುಂಚೆ ನಿಮ್ಮ ದನಿ ಇತ್ತು. ನೀವು ಅವತ್ತು ಟೇಪಲ್ಲಿ ಹೇಳಿದ್ದನ್ನ ಹಂಗೇ ಇಟ್ಟಿದ್ದೆ. 'ಇದು ನಮ್ಮ ಗುರುಗಳ ದನಿ' ಅಂತ ನಾನು ಒಂದೇ ಒಂದು ಮಾತು ಸೇರಿಸಿದ್ದೆ ಅಷ್ಟೇ. ಅದು ಕೇಳಿಸಿದ ಮೇಲೆ ನಿಮ್ಮನ್ನ ವೇದಿಕೆಗೆ ಕರೀಬೇಕು ಅಂತ ಅಧ್ಯಕ್ಷರಿಗೂ ಹೇಳಿದ್ದೆ. ಹರೀಶ ನೋಡಿದ್ರೆ, ಸಾರೇ ಬ್ಯಾಡ ಅಂದ್ರು ಅಂತಾನೆ. ನಿಜವಾ ಸಾರ್?"

ಮೃತ್ಯುಂಜಯನವರು ಹೌದೆಂದು ತಲೆಯಾಡಿಸಿದರು.

"ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ದು!" ಎಂದವಳೇ ಕಣ್ಣೊರೆಸಿಕೊಂಡು ವೇದಿಕೆ ಹತ್ತಿ, ಅಧ್ಯಕ್ಷ ವೆಂಕಟಸುಬ್ಬಯ್ಯನವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಮೈಕು ಹಿಡಿದರು.

"ಈ ಟೇಪುಗಳನ್ನು ಮುದ್ರಿಸಿದ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ತಮ್ಮ ಹೆಸರು ಕೇಳಿಸುವುದು ಬೇಡವೆಂದು ತಾವೇ ತಡೆದರಂತೆ. ಅವರ ಇಚ್ಛೆಗೆ ಬೆಲೆ ಕೊಟ್ಟು ನಾನೂ ಹೆಸರು ಹೇಳುವುದಿಲ್ಲ."

ಸಭೆಗೆ ಸಭೆಯೇ ಎದ್ದು ನಿಂತಿತು. ಯಾರಿಗೆಂದು ತಿಳಿಯದೆ ಜನ ಅತ್ತಿತ್ತ ನೋಡುತ್ತ ಚಪ್ಪಾಳೆ ತಟ್ಟಿದರು. ಕೂತೇ ಇದ್ದರೆ ಚೆನ್ನಾಗಿರುವುದಿಲ್ಲವೆಂದು ಮೃತ್ಯುಂಜಯನವರೂ ಎದ್ದು ಚಪ್ಪಾಳೆ ತಟ್ಟಿದರು.