ಬೆಕ್ಕು ನೋಡಿದ್ಯಾ?

ಮನೆಯಲ್ಲಿ ಖಾಲಿ ಜಾಗ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಅಟ್ಟ ತುಂಬುತ್ತದೆ, ಮಂಚದಡಿ ತುಂಬುತ್ತದೆ, ಕೊನೆಗೆ ಫ್ರಿಜ್ಜಿನ ತಲೆಯ ಮೇಲೂ ಡಬ್ಬಿ ಕೂರುತ್ತದೆ. ಹೀಗಿರುವಾಗ ಭದ್ರಾವತಿಯ ಜಗದಾಂಬಮ್ಮನವರ ಮನೆಗೆ ಓವನ್ ಇರುವ ದೊಡ್ಡ ಗ್ಯಾಸ್ ಒಲೆ ಬಂತು. ಮೇಲೆ ನಾಲ್ಕು ಬರ್ನರ್, ಕೆಳಗೆ ಬಾಗಿಲಿರುವ ಓವನ್. ತರಿಸಿದವಳು ಸೊಸೆ ದಾಕ್ಷಾಯಣಿ. ಶಿವಮೊಗ್ಗದ ನವುಲೆಯಲ್ಲಿ ಬೇಕರಿ ತರಬೇತಿ ಮುಗಿಸಿದ್ದ ಅವಳಿಗೆ ಮನೆಯಲ್ಲೇ ಕೇಕು, ಬನ್ನು ಮಾಡಿ ಮಾರುವ ಆಸೆ.

ಆದರೆ ಜಗದಾಂಬಮ್ಮನವರ ಕಣ್ಣಿಗೆ ಆ ಓವನ್ ಒಂದು ಒಳ್ಳೆಯ ಕಪಾಟು. ಇಲಿ ನುಗ್ಗುವುದಿಲ್ಲ, ಇರುವೆ ಹತ್ತುವುದಿಲ್ಲ, ಮಳೆಗಾಲದ ಥಂಡಿಯೂ ತಾಗುವುದಿಲ್ಲ. ಹಪ್ಪಳದ ಪ್ಲಾಸ್ಟಿಕ್ ಡಬ್ಬಿಯನ್ನು ಅದರೊಳಗಿಟ್ಟು ಬಾಗಿಲು ಮುಚ್ಚಿದರು. ಸೊಸೆಗೆ ಹೇಳಬೇಕೆಂದು ಅವರಿಗೆ ತೋಚಲಿಲ್ಲ. ಕಪಾಟಿನಲ್ಲಿ ಡಬ್ಬಿ ಇಟ್ಟದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಮರುದಿನ ದಾಕ್ಷಾಯಣಿ ಕೇಕಿನ ಹಿಟ್ಟು ಕಲಸುತ್ತಾ, ಓವನ್ ಕಾಯುತ್ತಿರಲಿ ಎಂದು ಗುಂಡಿ ತಿರುಗಿಸಿ ಹಚ್ಚಿದಳು. ಒಳಗೆ ಏನಿದೆ ಎಂದು ನೋಡಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಪ್ಲಾಸ್ಟಿಕ್ ಕರಗಿ ಕಪ್ಪು ಹೊಗೆ ತುಂಬಿತು. ಗಾಬರಿಯಲ್ಲಿ ಅವಳು ಓವನ್ನಿನ ಬಾಗಿಲು ಎಳೆದಳು. ಗಾಳಿ ಸಿಕ್ಕಿದ ಬೆಂಕಿ ಹೊರಕ್ಕೆ ಚಾಚಿ ಸೆರಗಿನ ಅಂಚು ಸುಟ್ಟಿತು. ಅಲ್ಲೇ ಆಡುತ್ತಿದ್ದ ಮಗಳು ಅಮೂಲ್ಯ ಕೆಮ್ಮಿ ಕೆಮ್ಮಿ ಅತ್ತಳು. ಗಂಡ ಶಿವರಾಜ್ ಓಡಿಬಂದು ಓವನ್ನಿನ ಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದ, ಗ್ಯಾಸ್ ಬಂದ್ ಮಾಡಿದ, ಮಗುವನ್ನೆತ್ತಿಕೊಂಡು ಎಲ್ಲರನ್ನೂ ಹೊರಗೆ ಕರೆತಂದ. ಒಳಗಿನ ಬೆಂಕಿ ತಾನಾಗಿ ಆರಿತು. ದೇವರು ದೊಡ್ಡವನು, ಮೈಗೆ ಬರಬೇಕಾದದ್ದು ಸೆರಗಿಗೆ ಹೋಯಿತು.

ಅಂದು ಸಂಜೆಯೇ ಶಿವರಾಜ್ ತೀರ್ಮಾನ ಹೇಳಿಬಿಟ್ಟ. ಗಾಜನೂರಿನಲ್ಲಿ ಹೋಟೆಲ್ ಇಟ್ಟಿರುವ ನೆಂಟರಿಗೆ ಭಾನುವಾರ ಆ ಒಲೆ ಕೊಟ್ಟು ಕೈ ತೊಳೆದುಕೊಳ್ಳುವುದು. ಜಗದಾಂಬಮ್ಮನವರೂ ಹೂಂ ಎಂದರು. ದಾಕ್ಷಾಯಣಿ ಆಗಲೇ ಪಕ್ಕದ ಮನೆಯ ಹುಟ್ಟುಹಬ್ಬಕ್ಕೆ ಕೇಕು ಒಪ್ಪಿಕೊಂಡಿದ್ದಳು, ಅದು ಅವಳ ಮೊದಲ ಆರ್ಡರ್. ಒಲೆ ಹೋದರೆ ಕಲಿತ ವಿದ್ಯೆಯೂ ಅದರ ಜೊತೆಗೇ ಹೋಗುತ್ತಿತ್ತು. ಅವಳು ತರಬೇತಿಯ ಗೆಳತಿ ಮಂಜುಶ್ರೀಗೆ ಫೋನ್ ಮಾಡಿ ಅತ್ತಳು.

ಮಂಜುಶ್ರೀ ಶಿವಮೊಗ್ಗದ ಕೋಟೆ ಪ್ರದೇಶದವಳು, ಮನೆಯಲ್ಲೇ ಬೇಕರಿ ನಡೆಸುವವಳು. ಶನಿವಾರ ಬಸ್ಸು ಹತ್ತಿ ಬಂದೇಬಿಟ್ಟಳು. ಕಾಫಿ ಕೊಟ್ಟ ಜಗದಾಂಬಮ್ಮ, ಅವಳು ಬಾಯಿ ಬಿಡುವ ಮೊದಲೇ ಶುರು ಮಾಡಿದರು.

"ಆ ಪೆಟ್ಟಿಗೆ ನಮ್ಮನೆಗೆ ಬೇಡ ಕಣಮ್ಮ. ಹಚ್ಚೋದೇ ಬೇಡ, ಅದ್ರಲ್ಲಿ ಬೆಕ್ಕು ಮಲಗಿದ್ರೆ ಮಲಗ್ಲಿ. ಸೌದೆ ಒಲೇಲಿ ಮದುವೆ ಅಡುಗೆ ಮಾಡಿದೋಳು ನಾನು. ಒಂದಿನಾನೂ ಹೀಗಾಗಿಲ್ಲ."

"ಸೌದೆ ಒಲೇಲಿ ಬೆಕ್ಕು ನಿಜವಾಗ್ಲೂ ಮಲಗ್ತಿತ್ತಾ ಅಮ್ಮ?" ಎಂದಳು ಮಂಜುಶ್ರೀ.

"ಮಲಗ್ದೆ ಏನು ಮಾರಾಯ್ತಿ. ಬೂದಿ ಬೆಚ್ಚಗಿರ್ತಿತ್ತಲ್ಲ."

"ಮತ್ತೆ ಬೆಳಿಗ್ಗೆ ಬೆಂಕಿ ಹಾಕೋವಾಗ?"

"ಮೊದ್ಲು ಬಗ್ಗಿ ನೋಡ್ತಿದ್ದೆ. ಬೆಕ್ಕಿದ್ರೆ ಎಬ್ಬಿಸಿ ಓಡಿಸ್ತಿದ್ದೆ. ನೋಡ್ದೆ ಬೆಂಕಿ ಹಾಕೋಕೆ ನಂಗೇನು ತಲೆ ಕೆಟ್ಟಿತ್ತಾ?"

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಹಪ್ಪಳದ ಡಬ್ಬಿ ನೆನಪಾಗಿತ್ತು. ಬಗ್ಗಿ ನೋಡದ ದಾಕ್ಷಾಯಣಿಯೂ ತಲೆ ತಗ್ಗಿಸಿದಳು.

"ಇದೂ ಒಲೇನೇ ಅಮ್ಮ, ಕಪಾಟಲ್ಲ," ಎಂದಳು ಮಂಜುಶ್ರೀ. "ಬಾಗಿಲಿದೆ ಅಂತ ನಾವು ಮೋಸ ಹೋಗ್ತೀವಿ. ನಿಮ್ಮ ಬೆಕ್ಕು ನೋಡೋ ಪದ್ಧತೀನೇ ಇದಕ್ಕೂ ಬೇಕು."

ಶಿವರಾಜ್ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. "ಗ್ಯಾಸ್ ಲೀಕ್ ಆದ್ರೆ ಬೆಕ್ಕು ಬಂದು ಹೇಳುತ್ತಾ?" ಎಂದು ಕುಟುಕಿದ.

ಮಂಜುಶ್ರೀ ನಕ್ಕು, ಅದನ್ನು ಮೂಗು ಹೇಳುತ್ತದೆ ಎಂದಳು. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು, ದೇವರ ದೀಪವನ್ನೂ ಹಚ್ಚಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು, ಗ್ಯಾಸಿನ ತುರ್ತು ನಂಬರ್ 1906ಕ್ಕೆ ಫೋನ್ ಮಾಡಬೇಕು. ಎಲ್ಲರನ್ನೂ ಅಡುಗೆಮನೆಗೆ ಕರೆದುಕೊಂಡು ಹೋಗಿ ಉಳಿದದ್ದನ್ನೂ ತೋರಿಸಿದಳು. ಓವನ್ ಹಚ್ಚುವಾಗ ಮೊದಲು ಬಾಗಿಲು ತೆರೆದಿರಬೇಕು. ಹತ್ತಲಿಲ್ಲವೆಂದರೆ ಗುಂಡಿ ತಿರುಗಿಸುತ್ತಲೇ ಇರದೆ ಬಂದ್ ಮಾಡಿ, ಒಳಗೆ ತುಂಬಿದ ಗ್ಯಾಸ್ ಹೊರಗೆ ಹೋಗಲು ಬಿಟ್ಟು, ಆಮೇಲೆ ಹಚ್ಚಬೇಕು. ಒಳಗೇ ಬೆಂಕಿ ಹತ್ತಿದರೆ ಬಾಗಿಲು ತೆರೆಯಲೇಬಾರದು, ಗ್ಯಾಸ್ ಬಂದ್ ಮಾಡಿದರೆ ಗಾಳಿಯಿಲ್ಲದೆ ತಾನೇ ಆರುತ್ತದೆ. ಆರದೆ ಹೆಚ್ಚಾದರೆ ಮನೆಯವರೆಲ್ಲ ಹೊರಗೆ ಬಂದು 112ಕ್ಕೆ ಫೋನ್ ಮಾಡಬೇಕು. ಓವನ್ನಿನ ಹಿಡಿಗೆ ಟವೆಲ್ ನೇತುಹಾಕಬಾರದು, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಬೇಕು.

ಬಿಸಿ ತಟ್ಟೆ ತೆಗೆಯುವ ಮಾತು ಬಂದಾಗ ಜಗದಾಂಬಮ್ಮ ತಾವೇ ಬಾಯಿ ಹಾಕಿದರು. "ಒದ್ದೆ ಮಸಿಬಟ್ಟೇಲಿ ಹಿಡೀಬಾರ್ದು ದಾಕ್ಷಿ. ಬಿಸಿ ಸೀದಾ ಕೈಗೆ ಬರುತ್ತೆ. ದಪ್ಪಗೆ, ಒಣಗಿರ್ಬೇಕು."

ಶಿವರಾಜ್ ರೆಗ್ಯುಲೇಟರಿನಿಂದ ಬರುವ ಪೈಪನ್ನು ಬಗ್ಗಿ ನೋಡಿದ, ಅದರ ಮೇಲೆ ಅಚ್ಚಾಗಿದ್ದ ಅವಧಿ ಮುಗಿದಿಲ್ಲವೆಂದು ಓದಿಕೊಂಡ. ಆಮೇಲೆ ಗಾಜನೂರಿಗೆ ಫೋನ್ ಮಾಡಿ, ಗಾಡಿ ಕಳಿಸಬೇಡಿ ಎಂದ.

ಹುಟ್ಟುಹಬ್ಬದ ದಿನ ಬಂತು. ಅಷ್ಟರಲ್ಲಿ ಕರಗಿದ ಪ್ಲಾಸ್ಟಿಕ್ ಕೆರೆದು ತೆಗೆದು ಓವನ್ ತೊಳೆದಾಗಿತ್ತು. ದಾಕ್ಷಾಯಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓವನ್ನಿನ ಮುಂದೆ ನಿಂತಳು. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಜಗದಾಂಬಮ್ಮ ಅಲ್ಲಿಂದಲೇ ಕೇಳಿದರು.

"ದಾಕ್ಷಿ, ಬೆಕ್ಕು ನೋಡಿದ್ಯಾ?"

ಅವಳು ಬಾಗಿಲು ತೆರೆದು ಬಗ್ಗಿದಳು. ಒಳಗೆ ಪೇಪರಿನಲ್ಲಿ ಸುತ್ತಿದ ಚಕ್ಕುಲಿಯ ಪೊಟ್ಟಣ. ಅಮೂಲ್ಯಳ ಕಣ್ಣು ತಪ್ಪಿಸಲು ಶಿವರಾಜ್ ಹಿಂದಿನ ಸಂಜೆ ಅಲ್ಲಿಟ್ಟು ಮರೆತಿದ್ದ.

"ಸಿಕ್ತು ಅತ್ತೆ. ನಿಮ್ಮ ಮಗ ಸಾಕಿದ್ದು," ಎಂದಳು ದಾಕ್ಷಾಯಣಿ. ಶಿವರಾಜ್ ನಾಚಿಕೊಂಡು ತಾನೇ ಪೊಟ್ಟಣ ಎತ್ತಿದ. ಅಂದು ಕೇಕು ಚೆನ್ನಾಗಿ ಉಬ್ಬಿತ್ತು. ಪಕ್ಕದ ಮನೆಯವರು ಇನ್ನೊಂದು ಆರ್ಡರ್ ಕೊಟ್ಟೇ ಹೋದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೆಂಕಿಗೆ ಹೆದರಿ ಒಳ್ಳೆಯ ಒಲೆಯನ್ನು ಮೂಲೆಗೆ ತಳ್ಳಬೇಡಿ. ಓವನ್ನಿನಲ್ಲಿ ಡಬ್ಬಿ, ಕವರು, ಪೇಪರು ಇಟ್ಟಿದ್ದರೆ ಈಗಲೇ ಎದ್ದು ತೆಗೆಯಿರಿ. ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿಯೇ ಮಲಗಿ. ಹಚ್ಚುವವರು ಯಾರೇ ಇರಲಿ, ಮನೆಯಲ್ಲಿ ಇನ್ನೊಬ್ಬರು ಕೂತಲ್ಲಿಂದಲೇ ಒಂದು ಮಾತು ಕೇಳಿಬಿಡಿ: ಬೆಕ್ಕು ನೋಡಿದ್ಯಾ?