ಕಬ್ಬಿಣ ಅದ್ದಿದ ಬೆಲ್ಲದ ನೀರು

ಜಾಲಿ ಕಟ್ಟಿಗೆಯನ್ನು ಗರಗಸ ಕೊಯ್ಯುವಾಗ ಹಸಿ ಹಸಿಯಾದ ಒಂದು ಒಗರು ವಾಸನೆ ಏಳುತ್ತದೆ. ಅದರ ಬೆನ್ನಿಗೇ ಕೆಂಪಗೆ ಕಾದ ಕಬ್ಬಿಣವನ್ನು ನೀರಿಗಿಳಿಸಿದರೆ ಬುಸ್ಸೆಂದು ಹಬೆಯ ವಾಸನೆ ಬರುತ್ತದೆ. ದೀಪಾಲಿಯ ಬಾಲ್ಯವೆಲ್ಲ ಈ ಎರಡು ವಾಸನೆಗಳಲ್ಲೇ ಕಳೆದಿತ್ತು. ಅವಳ ಅಪ್ಪ ದಿಗಂಬರ ಬಸವಕಲ್ಯಾಣದ ಹೊರಗೆ, ಹೆದ್ದಾರಿಯ ಮೇಲೆ, ಜನ ಬರೇ ಬಂಗ್ಲಾ ಎಂದು ಕರೆಯುವ ಸಸ್ತಾಪುರ ಬಂಗ್ಲಾ ಎಂಬ ಜಾಗದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಬಡಗಿಯಾಗಿದ್ದ. ಶಾಲೆ ಬಿಟ್ಟ ಮೇಲೆ ಅವಳು ಅವನ ಶೆಡ್ಡಿನಲ್ಲಿ ಕಟ್ಟಿಗೆ ಚಕ್ಕೆಯ ಗುಡ್ಡೆ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದಳು. ಪಕ್ಕದಲ್ಲೇ ಕುಲುಮೆ ಹಾಕಿಕೊಂಡಿದ್ದ ಅಮೀರ ಚಾಚಾ ತಪ್ಪಿದಲ್ಲೆಲ್ಲ ಸುತ್ತಿಗೆ ನಿಲ್ಲಿಸಿಬಿಡುತ್ತಿದ್ದ. ತಪ್ಪೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈಗ ಅವಳಿಗೆ ಮೂವತ್ತೆರಡು. ಹುಮನಾಬಾದ ಬೈಪಾಸಿನಲ್ಲಿ ಧನರಾಜನ ಹೋಟೆಲು. ಅಲ್ಲಿನ ಪಾನೀಯಗಳ ಕೌಂಟರು ಅವಳದು. ಹೈದರಾಬಾದಿನಲ್ಲಿ ಕಲಿತು, ಅಲ್ಲೇ ಎಂಟು ವರ್ಷ ದುಡಿದು ಬಂದವಳು. ತಾನು ಕುಡಿಯುವವಳಲ್ಲ. ನಾಲಗೆಗೆ ಮುಟ್ಟಿಸುತ್ತಾಳೆ, ಉಗುಳುತ್ತಾಳೆ, ಬರೆದಿಡುತ್ತಾಳೆ. ಯಾರಾದರೂ ಅದನ್ನೇ ಕೆದಕಿದರೆ, ದರ್ಜಿ ತಾನು ಹೊಲಿದ ಅಂಗಿಗಳನ್ನೆಲ್ಲ ತೊಟ್ಟುಕೊಂಡು ತಿರುಗುತ್ತಾನೇನು ಎಂದು ಕೇಳಿ ನಗುತ್ತಾಳೆ.

ಧನರಾಜನಿಗೆ ಈ ಸಲ ಒಂದು ಹೊಸ ಹುಕಿ ಹುಟ್ಟಿತ್ತು. ನಮ್ಮ ಸೀಮೆಯ ಒಂದೊಂದು ಊರಿನ ಸ್ವಭಾವಕ್ಕೆ ತಕ್ಕ ಹಾಗೆ ಒಂದೊಂದು ಕಾಕ್‌ಟೇಲ್ ಆಗಬೇಕು, ಪಟ್ಟಿ ಅಚ್ಚಾಗಬೇಕು ಎಂದ. ದೀಪಾಲಿ ಹೂಂ ಎನ್ನುವಷ್ಟರಲ್ಲಿ, ಹೈದರಾಬಾದಿನಿಂದ ಮಹೇಶಕುಮಾರನೆಂಬವನನ್ನೂ ಕರೆಸಿದ್ದೇನೆ ಎಂದ. ಮೂಲತಃ ಇದೇ ಸೀಮೆಯ ನಿರ್ಣಾ ಊರಿನವನು, ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಕೈ ಪಳಗಿಸಿದವನು. ಇಬ್ಬರೂ ಒಂದೊಂದು ಪಟ್ಟಿ ಮಾಡಬೇಕು. ಶುಕ್ರವಾರ ನಾಲ್ಕು ಗಂಟೆಗೆ ಕಲ್ಯಾಣದಿಂದ ಐದು ಜನ ಲಾರಿ ಮಾಲೀಕರು ಬಂದು ರುಚಿ ನೋಡುತ್ತಾರೆ. ಯಾರ ಪಟ್ಟಿ ಗೆಲ್ಲುತ್ತದೋ ಕೌಂಟರು ಅವರದು, ಉಳಿದವರು ಅವರ ಕೈಕೆಳಗೆ.

ತಾನು ಕಟ್ಟಿದ ಕೌಂಟರಿನಲ್ಲಿ ತಾನೇ ಎರಡನೆಯವಳಾಗುವುದೆಂದರೆ! ದೀಪಾಲಿ ಬೇಸರಪಡಲಿಲ್ಲ, ಸೆರಗು ಸಿಕ್ಕಿಸಿಕೊಂಡಳು.

ಮೂರು ಊರು ಸರಾಗ ಬಂದವು. ಬೀದರಿಗೆ ಕಪ್ಪು ದ್ರಾಕ್ಷಿಯ ರಸ, ಮೇಲೆ ಬಿದರಿ ಪಾತ್ರೆಯ ಬೆಳ್ಳಿ ಗೆರೆಯಂತೆ ತೆಂಗಿನ ಹಾಲು. ಕಲಬುರಗಿಗೆ ಹುರಿದ ತೊಗರಿಯ ಕಂಪು, ಲಿಂಬಿ, ಕಣ್ಣಲ್ಲಿ ನೀರು ಬರುವಷ್ಟು ಹಸಿಮೆಣಸು. ಹುಮನಾಬಾದಕ್ಕೆ ಖಡಕ್ ಚಹಾದ ಡಿಕಾಕ್ಷನ್ನು, ರಮ್ಮು, ಒಂದು ಚಿಟಿಕೆ ಸುಂಠಿ. ಅದಕ್ಕೆ ಚಿಕ್ಕ ಗ್ಲಾಸು ಇಟ್ಟಳು. ಹುಮನಾಬಾದ ಅಂದರೆ ನಾಲ್ಕು ದಾರಿ ಕೂಡುವ ಊರು, ಇಲ್ಲಿ ಎಲ್ಲರಿಗೂ ಬಸ್ಸು ಹಿಡಿಯುವ ಅವಸರ; ಎರಡೇ ಗುಟುಕಿನಲ್ಲಿ, ನಿಂತುಕೊಂಡೇ ಮುಗಿಯಬೇಕು.

ಕಲ್ಯಾಣ ಮಾತ್ರ ಕೈಗೆ ಹತ್ತಲಿಲ್ಲ. ಎಲ್ಲರೂ ಹಾಲು, ಕೇಸರಿ, ಗಂಧ ಎಂದು ಹೇಳುವವರೇ. ಅವಳಿಗೆ ಗೊತ್ತಿದ್ದ ಕಲ್ಯಾಣ ಮೈತುಂಬ ಚಕ್ಕೆ ಅಂಟಿಸಿಕೊಂಡು ದುಡಿಯುವ ಊರು.

ಬುಧವಾರ ಬೆಳಿಗ್ಗೆ ಬಂಗ್ಲಾಕ್ಕೆ ಹೋಗುವ ಜೀಪು ಹತ್ತಿದಳು. ಉಪಾಯ ಹೊಳೆದಿತ್ತು. ಜಾಲಿ ಚಕ್ಕೆಯನ್ನು ರಮ್ಮಿನಲ್ಲಿ ನೆನೆಹಾಕಿ ಸೋಸುವುದು. ಬೆಲ್ಲ–ಹುಣಸೆ ನೀರಿನಲ್ಲಿ ಕಾದ ಕಬ್ಬಿಣ ಅದ್ದಿ, ಬುಸ್ಸೆಂದ ಮೇಲೆ ಎರಡನ್ನೂ ಕೂಡಿಸುವುದು. ರಮ್ಮಿನಲ್ಲೇ ಅದ್ದಿದರೆ ಬೆಂಕಿ ಹತ್ತುತ್ತದೆ, ಅಷ್ಟು ಅವಳಿಗೆ ತಿಳಿದಿತ್ತು. ದಾರಿಯಲ್ಲೇ ಒಂದು ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ನಾಲ್ಕು ದಪ್ಪ ಬೋಲ್ಟು ಕೊಂಡಳು. ಶುಭ್ರವಾಗಿ ಕಂಡವು.

ಅಮೀರ ಚಾಚಾನಿಗೆ ಎಪ್ಪತ್ತು ದಾಟಿದರೂ ಕುಲುಮೆ ಆರಿರಲಿಲ್ಲ. ಅವಳನ್ನು ಕಂಡು ಮೊದಲು ಅಪ್ಪನ ಮೊಣಕಾಲು ನೋವಿನ ಸಮಾಚಾರ ಕೇಳಿದ, ಆಮೇಲೆ ಹೆಂಡತಿ ವಜೀರಬಿಯನ್ನು ಕೂಗಿ ಚಹಾ ತರಿಸಿದ. ದೀಪಾಲಿ ಏನನ್ನೂ ಮುಚ್ಚಿಡಲಿಲ್ಲ. ಇದು ದಾರೂ ಕೆಲಸ, ನಿಮಗೆ ಸೇರದಿದ್ದರೆ ಹಾಗೇ ಹೊರಟುಹೋಗುತ್ತೇನೆ ಎಂದಳು. ಅವನು ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದ.

“ಇದನ್ನ ಕಾಸಿ ಯಾರಿಗರೆ ಕುಡಿಸೀಯೇನು?”

“ಇನ್ನೂ ಇಲ್ರಿ ಚಾಚಾ. ಹೊಸಾದು ಅದ, ಸ್ವಚ್ಛ ಅದ ಅಂತ ತಂದೆ.”

“ಹೊಳೆಯೋದೆಲ್ಲ ಸ್ವಚ್ಛ ಅಲ್ಲ ಬೇಟಿ. ಇದಕ್ಕ ಮ್ಯಾಲ ಜಸ್ತದ ಲೇಪ ಹಚ್ಯಾರ, ತುಕ್ಕು ಹಿಡೀಬಾರ್ದು ಅಂತ. ಕಾಸಿದ್ರ ಅದೇ ವಿಷ. ನಿನ್ನ ಕುಲುಮಿ ಮಗ್ಗಲಕ್ಕ ಬೆಳಸೀನಿ, ಇಷ್ಟೂ ತಿಳೀಲಿಲ್ಲಲ್ಲ.”

ದೀಪಾಲಿಯ ಕಿವಿ ಬಿಸಿಯಾಯಿತು. ಗೊತ್ತೇ ಇದೆ ಎಂಬ ಧೈರ್ಯದಲ್ಲಿ ಮಾಡಿದ ತಪ್ಪು. ಶುಕ್ರವಾರ ಆ ವಿಷ ಐದು ಜನರ ಹೊಟ್ಟೆಗೆ ಇಳಿಯುವುದಿತ್ತು. ಅವಳು ಬೋಲ್ಟುಗಳನ್ನು ಗುಜರಿ ಡಬ್ಬಿಗೆ ಎಸೆದು, ನೀವೇ ಕಲಿಸಿರಿ ಎಂದಳು.

“ಕುಡಿಯೋದು ನಂದಲ್ಲ. ಕಬ್ಬಿಣ ನಂದು,” ಎಂದ ಚಾಚಾ. “ಕಬ್ಬಿಣ ತಪ್ಪಿದ್ರ ಮಾತು ನನ್ನ ಮ್ಯಾಲ ಬರ್ತದ. ಆದ್ರ ಒಂದು ಮಾತು. ಶರಣರು ಓಡಾಡಿದ ಊರಿನ ಹೆಸರು ಆ ಗ್ಲಾಸಿಗೆ ಇಡಬ್ಯಾಡ.”

ಅವಳು ಒಪ್ಪಿದಳು. ಅವನು ಹಳೆ ಲಾರಿಯೊಂದರ ಪಾಟಾ ತುಂಡು ಹುಡುಕಿದ. ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿ ಅದು. ಬಣ್ಣ ಎಣ್ಣೆಯೆಲ್ಲ ಹೋಗುವಂತೆ ಉಜ್ಜಿದ, ಮೂರು ಸಲ ಕಾಸಿ ಆರಿಸಿದ, ಬೆರಳು ಗಾತ್ರದ ನಾಲ್ಕು ಕಡ್ಡಿಗಳನ್ನು ಬಡಿದ. ಕೈಯಲ್ಲಿ ಒಂದಿಷ್ಟೂ ಅವಸರವಿರಲಿಲ್ಲ. ಆಮೇಲೆ ರಮ್ಮಿಲ್ಲದ ಬರೇ ಬೆಲ್ಲ–ಹುಣಸೆ ನೀರಿನಲ್ಲಿ ದೀಪಾಲಿ ಒಂದು ಕಡ್ಡಿ ಅದ್ದಿದಳು. ಹಬೆ ಎದ್ದಿತು, ಬೆಲ್ಲ ಅಂಚಿನಲ್ಲಿ ಸೀದು ಕಂಪಾಯಿತು. ಮೇಲೆ ಒಂದು ಜಾಲಿ ಚಕ್ಕೆ ತೇಲಿಬಿಟ್ಟಳು. ಚಾಚಾ ಕುಡಿದ. ಗ್ಲಾಸು ತಳ ಕಾಣುವತನಕ ಕುಡಿದು, ದಿಗಂಬರನ ಶೆಡ್ಡಿದ್ದ ಕಡೆಗೆ ಒಮ್ಮೆ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಶುಕ್ರವಾರ ನಾಲ್ಕಕ್ಕೆ ಐವರೂ ಬಂದರು. ಅವರಲ್ಲಿ ಹಿರಿಯನ ಹೆಸರು ಶ್ರೀಮಂತ, ಹನ್ನೊಂದು ಲಾರಿಗಳ ಧಣಿ. ಬೀದರು, ಕಲಬುರಗಿ, ಹುಮನಾಬಾದ ಮುಗಿಯುವಾಗ ಇಬ್ಬರದೂ ಸರಿಸಮ ಇತ್ತು. ಮಹೇಶಕುಮಾರನ ಕಲ್ಯಾಣ ಮೊದಲು ಬಂತು. ಹಾಲು, ಕೇಸರಿ, ಗಂಧ, ಮೇಲೆ ಬಂಗಾರದ ವರ್ಖ. ನೋಡಲು ದೇವರ ಮನೆಯಂತಿತ್ತು. ದೀಪಾಲಿಯೇ ಮನಸ್ಸಿನಲ್ಲಿ ಭಲೇ ಅಂದುಕೊಂಡಳು.

ಶ್ರೀಮಂತ ಒಂದು ಗುಟುಕು ಎಳೆದು ಬಾಯಿ ಒರೆಸಿಕೊಂಡ. “ಛಂದ ಅದರಿ. ಯಾರ ಮದುವಿ?”

ಉಳಿದ ನಾಲ್ವರೂ ನಕ್ಕರು. ಮಹೇಶಕುಮಾರನೂ ನಕ್ಕ, ಕಿವಿ ಮಾತ್ರ ಕೆಂಪಗಾಯಿತು.

ದೀಪಾಲಿ ಕೆಂಡ ತುಂಬಿದ ಸಿಗಡಿ ಒಲೆಯಿಂದ ಕಾದ ಕಡ್ಡಿ ಎತ್ತಿ ಅವರೆದುರಿಗೇ ಬೆಲ್ಲ–ಹುಣಸೆ ನೀರಿನಲ್ಲಿ ಅದ್ದಿದಳು. ಬುಸ್ಸೆಂದ ಸದ್ದಿಗೆ ಐವರೂ ಮುಂದಕ್ಕೆ ಬಾಗಿದರು. ಜಾಲಿ ಚಕ್ಕೆ ನೆನೆಸಿ ಸೋಸಿದ ರಮ್ಮು ಬೆರೆಸಿ ಕೊಟ್ಟಳು. ಶ್ರೀಮಂತ ಗ್ಲಾಸನ್ನು ಮೂಗಿಗೆ ಹಿಡಿದವನು ಕುಡಿಯದೆ ಕಿಟಕಿ ಕಡೆ ತಿರುಗಿದ.

“ಹೊರಗ ಯಾರರೆ ಬಾಡಿ ಕಟ್ಟಾಕತ್ತಾರೇನ್ರಿ?”

ಅವನು ಕುಡಿದ, ಗ್ಲಾಸು ಮುಂದಕ್ಕೆ ತಳ್ಳಿ ಇನ್ನೊಂದು ಎಂದು ಬೆರಳು ತೋರಿಸಿದ. ತನ್ನ ಮೊದಲ ಲಾರಿಗೆ ಬಾಡಿ ಕಟ್ಟಿಸಿದಾಗ ಹದಿನೆಂಟು ದಿನ ಬಂಗ್ಲಾದ ಶೆಡ್ಡಿನಲ್ಲೇ ಮಲಗಿದ್ದೆ ಎಂದು ಉಳಿದವರಿಗೆ ಹೇಳತೊಡಗಿದ. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

ಧನರಾಜ ಖುಷಿಯಿಂದ, ಪಟ್ಟಿಯಲ್ಲಿ ‘ಕಲ್ಯಾಣ’ ಎಂದು ದೊಡ್ಡ ಅಕ್ಷರದಲ್ಲಿ ಬರಲಿ ಎಂದ.

“ಇಲ್ರಿ. ಆ ಹೆಸರು ಬ್ಯಾಡ,” ಎಂದಳು ದೀಪಾಲಿ. “ಬಂಗ್ಲಾ ಅಂತ ಬರೀರಿ. ಇಲ್ಲಂದ್ರ ಪಟ್ಟಿಯಿಂದ ತೆಗೀರಿ.”

ಧನರಾಜನ ಹುಬ್ಬು ಏರಿತು. ಶ್ರೀಮಂತ ನಡುವೆ ಬಾಯಿ ಹಾಕಿದ. “ಆಕಿ ಹೇಳೋದು ಬರಾಬರ್ ಅದ. ಎಲ್ಲಿಗೆ ಹೋಗಿದ್ರಿ ಅಂತ ಮನ್ಯಾಗ ಕೇಳಿದ್ರ, ಬಂಗ್ಲಾಕ್ಕ ಅಂತ ನಾನೂ ಖರೇನೇ ಹೇಳಬಹುದು.”

ಹೆಸರು ಹಾಗೇ ಉಳಿಯಿತು, ಕೌಂಟರೂ. ಸುದ್ದಿ ಮೇಜಿನಿಂದ ಮೇಜಿಗೆ ಹೋಗಿ, ಊಟಕ್ಕೆ ಬಂದವರೆಲ್ಲ ಅದನ್ನೇ ಕೇಳತೊಡಗಿದರು. ಗ್ಲಾಸಿಗೊಂದು ಸಲ ಕಡ್ಡಿ ಕಾಯಬೇಕು. ಕಡ್ಡಿ ನಾಲ್ಕು, ಇಕ್ಕಳ ಒಂದು, ಅವಳು ಒಬ್ಬಳು. ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಯಾರ ಲಕ್ಷ್ಯವೂ ಅತ್ತ ಇರಲಿಲ್ಲ, ಅವಳದೂ.

ಮಹೇಶಕುಮಾರ ಬ್ಯಾಗು ಕಟ್ಟಿಕೊಂಡು ಹೊರಡುತ್ತಾನೆಂದೇ ಎಲ್ಲರೂ ಎಣಿಸಿದ್ದರು. ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಅಡಿಗೆಮನೆಗೆ ಹೋದ. ಬರುವಾಗ ಕೈಯಲ್ಲಿ ತಟ್ಟೆ: ಎರಡು ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಕೌಂಟರಿನ ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತ. ತಟ್ಟೆಯನ್ನು ಅವಳ ಎಡಗೈಗಿತ್ತು, ಅವಳ ಬಲಗೈಯಲ್ಲಿದ್ದ ಇಕ್ಕಳ ತೆಗೆದುಕೊಂಡ.