ಪಾಲಿಗೆ ಬಂದ ಟ್ರಂಕುಗಳು

ರುದ್ರಮ್ಮ ಮಗಳು ನಯನಾಳ ಜೊತೆ ಸೇರಿ ನಡುಮನೆಯ ಟ್ರಂಕುಗಳನ್ನು ಕೋಣೆಗೆ ಎಳೆಯುತ್ತಿದ್ದಳು. ಗಂಡ ಇಂದುಧರನನ್ನು ಗೋಡೆಗೆ ಒರಗಿಸಿ ಕೂರಿಸಲು ಜಾಗ ಬೇಕಿತ್ತು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಟ್ರಂಕುಗಳ ತುಂಬ ಅವನ ಮನೆತನದ, ಅವರ ಎಣ್ಣೆ ಗಿರಣಿಯ ಹಳೆಯ ಕಾಗದಪತ್ರ. ಮುಂದಿನ ವಾರ ಮೈಸೂರಿನ ವಿಶ್ವವಿದ್ಯಾಲಯದವರು ಬಂದು ತಮ್ಮ ಸಂಗ್ರಹಕ್ಕೆ ಒಯ್ಯುವವರಿದ್ದರು. ಈ ಧೂಳಿನ ರಾಶಿ ಯಾವಾಗ ತೊಲಗುತ್ತದೋ ಎಂದು ವರ್ಷಗಟ್ಟಲೆ ಗೊಣಗಿದವಳು ರುದ್ರಮ್ಮನೇ.

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳು ಬಂದರು, ಇಂದುಧರ ಹೈಸ್ಕೂಲಿನಲ್ಲಿ ಪಾಠ ಹೇಳಿದ ಹುಡುಗರು ಬಂದರು. ಗಂಡಸಿಯಿಂದ ಬಸ್ಸಿನಲ್ಲಿ ಬಂದ ಶಿವಗಂಗಮ್ಮ ಬಾಗಿಲ ಬಳಿ ಕೂತು ಬಿಲ್ವಪತ್ರೆ ಬಿಡಿಸತೊಡಗಿದಳು. ಗಿರಣಿಯ ಬಾಯ್ಲರ್ ಸಿಡಿದಾಗ ಸತ್ತವರಲ್ಲಿ ಅವಳ ಗಂಡನೂ ಒಬ್ಬ.

*

ಬಾಯ್ಲರ್ ಕೆಟ್ಟಿದೆ, ನಿಲ್ಲಿಸಿ ಎಂದು ಮೆಕ್ಯಾನಿಕ್ ಬರೆದುಕೊಟ್ಟಿದ್ದರೂ ಇಂದುಧರನ ಅಪ್ಪ ನಿಲ್ಲಿಸಿರಲಿಲ್ಲ. ಸಿಡಿದ ಮೇಲೆ, ಆಳುಗಳು ಕುಡಿದಿದ್ದರು ಎಂದುಬಿಟ್ಟರು. ಊರಿಗೆಲ್ಲ ನಿಜ ಗೊತ್ತಿತ್ತು, ಗಟ್ಟಿಯಾಗಿ ಹೇಳಿದವರಿಲ್ಲ. ಅಪ್ಪ ತೀರಿಕೊಂಡು ಪಾಲಾದಾಗ ಅಣ್ಣ ಬಸವಕುಮಾರ್ ಗಿರಣಿ, ತೋಟ ಇಟ್ಟುಕೊಂಡ. ಇಂದುಧರ ಈ ಮನೆಯನ್ನೂ ಕಾಗದಗಳನ್ನೂ ಕೇಳಿ ಪಡೆದ. ನೆಂಟರು ನಕ್ಕರು.

ಹೋದ ವರ್ಷ ಕಾಗದಗಳು ಮೈಸೂರಿಗೆ ಹೋಗುವ ಸುದ್ದಿ ತಿಳಿದು ಅಣ್ಣ ಬಂದಿದ್ದ. ಮಿಕ್ಕದ್ದೆಲ್ಲ ಕೊಡು, ಬಾಯ್ಲರಿನ ಬಗ್ಗೆ ಮೆಕ್ಯಾನಿಕ್ ಬರೆದದ್ದೊಂದು ಸುಟ್ಟುಬಿಡು ಎಂದ.

"ಅಪ್ಪ ಬಡ ಹುಡುಗರಿಗೆ ನಡೆಸಿದ ಹಾಸ್ಟೆಲಿನ ಕಾಗದ ಕೊಟ್ಟು ಇದನ್ನ ಸುಟ್ರೆ, ಅದು ನಮ್ಮಪ್ಪನೇ ಅಲ್ಲ ಕಣಣ್ಣ," ಎಂದಿದ್ದ ಇಂದುಧರ.

ಅಂದಿನಿಂದ ಅಣ್ಣ ಈ ಹೊಸಿಲು ತುಳಿದಿರಲಿಲ್ಲ.

*

ಈಗ ಬಂದ. ತಮ್ಮನ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ರುದ್ರಮ್ಮನನ್ನು ಅಡುಗೆಮನೆಗೆ ಕರೆದ. ಹಾರನಹಳ್ಳಿ ದಾರಿಯ ತೋಟದಲ್ಲಿ ಅಪ್ಪ ಅಮ್ಮನ ಸಮಾಧಿಯ ಪಕ್ಕ ಗುಂಡಿ ತೆಗೆಸುತ್ತೇನೆ, ತಮ್ಮ ಅಲ್ಲೇ ಇರಲಿ ಎಂದ. ಅಮ್ಮನ ಪಕ್ಕದಲ್ಲೇ ಮಣ್ಣಾಗಬೇಕು ಅನ್ನುವುದು ಇಂದುಧರನ ಆಸೆಯಾಗಿತ್ತು.

"ಆ ಬಾಯ್ಲರ್ ಕಾಗದ ಇರೋ ಟ್ರಂಕು ನಂಗೆ ಕೊಟ್ಬಿಡಮ್ಮ," ಎಂದ ಬಸವಕುಮಾರ್. "ಇನ್ನು ಅದು ಯಾರಿಗೆ ಬೇಕು?"

ರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಟ್ಟರೆ ಸಂಜೆಯೊಳಗೆ ಗಂಡ ತಾಯಿಯ ಪಕ್ಕ ಇರುತ್ತಾನೆ. ಮನೆಯೂ ಹಗುರಾಗುತ್ತದೆ.

"ಬೇಕಾದೋರು ಬಾಗಿಲಲ್ಲಿ ಕೂತವ್ರೆ ಭಾವ," ಎಂದಳು. "ಅವರನ್ನ ಕೇಳಿ. ಅವರು ಬೇಡ ಅಂದ್ರೆ ಒಯ್ಯಿರಿ."

ಅವನು ಬಾಗಿಲ ಕಡೆ ನೋಡಿದ. ಶಿವಗಂಗಮ್ಮ ತಲೆ ತಗ್ಗಿಸಿ ಪತ್ರೆ ಬಿಡಿಸುತ್ತಲೇ ಇದ್ದಳು. ಅವನು ಅತ್ತ ಹೋಗಲಿಲ್ಲ. ಹಿತ್ತಲ ಬಾಗಿಲಿಂದ ಹೊರಟುಹೋದ.

ಊರ ರುದ್ರಭೂಮಿಯಲ್ಲೇ ಗುಂಡಿ ತೆಗೆಯಲು ಹೇಳು ಎಂದು ರುದ್ರಮ್ಮ ಮಗಳಿಗೆ ತಿಳಿಸಿದಳು. ಮನೆತನಕ್ಕೆ ಅಷ್ಟು ತೋಟ ಇದ್ದೂ ಊರ ರುದ್ರಭೂಮಿಯಲ್ಲೇ ಎಂದು ನೆಂಟರು ಆಡಿಕೊಳ್ಳುತ್ತಾರಲ್ಲ ಎಂದು ನಯನಾ ಹಿಂಜರಿದಳು. ಆಡಿಕೊಳ್ಳಲಿ ಎಂದಳು ರುದ್ರಮ್ಮ.

*

ರುದ್ರಭೂಮಿಯಲ್ಲಿ ಮಠದ ಅಯ್ಯನವರು ಮಂತ್ರ ಹೇಳುತ್ತಿದ್ದರು. ನಯನಾಳ ಗಂಡ ಉದಯಕುಮಾರ್ ಗುಂಡಿಗೆ ಇಳಿದು ಮಾವನನ್ನು ಗುಂಡಿಯ ಬದಿಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಲು ಹೆಣಗುತ್ತಿದ್ದ. ಒಬ್ಬನ ಕೈಲಿ ಆಗುತ್ತಿರಲಿಲ್ಲ. ದೇಹ ಮುಂದಕ್ಕೆ ವಾಲುತ್ತಿತ್ತು. ಇನ್ನೊಬ್ಬರು ಇಳಿಯಿರಿ ಎಂದರು ಅಯ್ಯನವರು.

ಹಿಂದಿನಿಂದ ಜನರನ್ನು ಸರಿಸಿಕೊಂಡು ಬಸವಕುಮಾರ್ ಬಂದ. ಹೆಗಲ ಶಾಲು ತೆಗೆದ, ವಾಚು ಬಿಚ್ಚಿದ, ಪಕ್ಕದಲ್ಲಿದ್ದವರ ಕಡೆ ನೋಡದೆ ಎರಡನ್ನೂ ಚಾಚಿದ. ಯಾರೋ ತೆಗೆದುಕೊಂಡರು. ಅವನು ಗುಂಡಿಗೆ ಇಳಿದು, ತಮ್ಮನನ್ನು ತೋಳಲ್ಲಿ ಬಳಸಿ ಎದೆಗೆ ಆನಿಸಿಕೊಂಡ. ಬಿಳಿ ಅಂಗಿಗೆಲ್ಲ ವಿಭೂತಿ ಹತ್ತಿತು.

ಕೂರಿಸಿ ಆದ ಮೇಲೆ ಅವನು ತಲೆ ಎತ್ತಿದ. ಗುಂಡಿಯ ಅಂಚಿನಲ್ಲಿ, ಅವನ ಶಾಲನ್ನು ಮಣ್ಣಿಗೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದು, ಶಿವಗಂಗಮ್ಮ ನಿಂತಿದ್ದಳು.